ಯುರೋಪಿಗೊಂದು ದ್ರಾಕ್ಷಿ, ನಮಗೊಂದು ದ್ರಾಕ್ಷಿ

ಹಣ್ಣಿನಲ್ಲಿ ಉಳಿಯುವ ಕೀಟನಾಶಕದ ಮೇಲೆ ಕಣ್ಣಿಡುವುದು ನಮ್ಮಿಂದಾಗದ ಕೆಲಸ ಎನ್ನುವವರು ‘ಗ್ರೇಪ್‌ನೆಟ್’ ನೋಡಬೇಕು. ಯುರೋಪಿಗೆ ರಫ್ತಾಗುವ ದ್ರಾಕ್ಷಿಗಾಗಿ ಕೇಂದ್ರದ ಕೃಷಿ ರಫ್ತು ಪ್ರಾಧಿಕಾರವಾದ ಅಪೆಡಾ 2006–07ರ ಹಂಗಾಮಿನಲ್ಲಿ ತಂದ ವ್ಯವಸ್ಥೆಯಿದು. ನೋಂದಾಯಿತ ತೋಟಕ್ಕೊಂದು ಸಂಖ್ಯೆ. ಕೊಯ್ಲಿಗೆ ಮುನ್ನ ಪ್ರಯೋಗಾಲಯದವರು ತೋಟಕ್ಕೇ ಬಂದು ಮಾದರಿ ಒಯ್ಯುತ್ತಾರೆ. ಪರೀಕ್ಷೆಯಲ್ಲಿ ಗೆದ್ದ ಹಣ್ಣು ಮಾತ್ರ ಪ್ಯಾಕ್‌ಹೌಸ್ ಸೇರುತ್ತದೆ. ಪೆಟ್ಟಿಗೆ ಹಿಡಿದು ತೋಟದ ತನಕ ಹೋಗಬಹುದಾದ ಈ ಶಿಸ್ತು ನಿಜಕ್ಕೂ ಮೆಚ್ಚತಕ್ಕದ್ದು.

ಆದರೂ 2010ರಲ್ಲಿ ಅದು ಎಡವಿತು. ಬಳ್ಳಿಯ ಬೆಳವಣಿಗೆ ತಡೆದು ಕಾಯಿಕಟ್ಟು ಹೆಚ್ಚಿಸಲು ಹೊಡೆಯುವ ಕ್ಲೋರ್ಮೆಕ್ವಾಟ್, ಅಂದರೆ ರೈತರ ಬಾಯಲ್ಲಿ ‘ಸಿಸಿಸಿ’, ಯುರೋಪಿನಲ್ಲಿ ಮಿತಿ ಮೀರಿ ಕಂಡುಬಂದು ಸರಕು ಅಲ್ಲಿ ತಿರಸ್ಕೃತವಾಯಿತು. ನಮ್ಮ ಪರೀಕ್ಷಾ ಪಟ್ಟಿಯಲ್ಲಿ ಆ ರಾಸಾಯನಿಕ ಇರಲೇ ಇಲ್ಲ. ಹುಡುಕದ ವಿಷ ಸಿಗುವುದಿಲ್ಲ. ಪಟ್ಟಿ ರೂಪಿಸುವವರು ತೋಟದಲ್ಲಿ ನಿಜಕ್ಕೂ ಏನು ಸಿಂಪಡಿಸುತ್ತಾರೆಂದು ಮೊದಲು ತಿಳಿಯಬೇಕು.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಪರೀಕ್ಷೆಯಲ್ಲಿ ಸೋತ ಹಣ್ಣು ಯುರೋಪಿಗೆ ಹೋಗದಂತೆ ತಡೆದರೆ ಗ್ರೇಪ್‌ನೆಟ್‌ನ ಕೆಲಸ ಮುಗಿಯಿತು. ವಿಜಯಪುರದ ತಳ್ಳುಗಾಡಿಯ ದ್ರಾಕ್ಷಿಗೆ ಯಾವ ಸಂಖ್ಯೆಯೂ ಇಲ್ಲ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಮಿತಿಗಳನ್ನು ನಿಗದಿ ಮಾಡಿದೆ, ಮಾರುಕಟ್ಟೆಯ ಮಾದರಿಗಳ ಪರೀಕ್ಷೆಯೂ ನಡೆಯುತ್ತದೆ; ವರದಿ ಕೈಸೇರುವಷ್ಟರಲ್ಲಿ ಹಣ್ಣು ತಿಂದು ಮುಗಿದಿರುತ್ತದೆ.

ಗ್ರಾಹಕನ ಕಣ್ಣು ಇಲ್ಲಿ ನೆರವಿಗೆ ಬಾರದು. ಗೊಂಚಲ ಮೇಲಿನ ತೆಳು ಬಿಳಿ ಪುಡಿ ಕಂಡು ಹೆದರುತ್ತೇವೆ. ಬಹಳ ಸಲ ಅದು ಹಣ್ಣಿನದೇ ಮೇಣ. ತಿರುಳಿಗಿಳಿದ ಅಂತರ್ವ್ಯಾಪಿ ಔಷಧಿ ಕಾಣುವುದೂ ಇಲ್ಲ, ತೊಳೆದರೆ ಹೋಗುವುದೂ ಇಲ್ಲ. ಹರಿಯುವ ನೀರು ಮೇಲ್ಮೈಯದನ್ನಷ್ಟೇ ತಗ್ಗಿಸೀತು.

ಹಾಗೆಂದು ಹಣ್ಣು ಬಿಡಬೇಕಿಲ್ಲ. ಮಿತಿ ದಾಟಿದ ಪ್ರತಿ ಮಾದರಿಯೂ ವಿಷವಲ್ಲ. ಮಿತಿಯೆಂಬುದು ಸರಿಯಾದ ಸಿಂಪಡಣೆಯ ಅಳತೆ. ಆರೋಗ್ಯದ ಅಪಾಯ ನಿರ್ಧಾರವಾಗುವುದು ದೇಹತೂಕಕ್ಕೆ ಎಷ್ಟು ಸೇರಿತೆಂಬುದರಿಂದ. ತೂಕ ಕಡಿಮೆಯಿರುವ ಮಕ್ಕಳು ಅಷ್ಟೇ ಹಣ್ಣು ತಿಂದರೂ ಅವರ ಪಾಲು ಹೆಚ್ಚು. ಅವರ ಸಲುವಾಗಿಯಾದರೂ ತಾತ್ಸಾರ ಸಲ್ಲದು.

ರೈತನನ್ನು ದೂರಿ ಕೈತೊಳೆದುಕೊಳ್ಳುವುದೂ ನ್ಯಾಯವಲ್ಲ. ಚಾಟ್ನಿಯ, ಅಂದರೆ ಬಳ್ಳಿ ಸವರಿದ, ನಂತರ ಅಕಾಲ ಮಳೆ ಬಿದ್ದರೆ ರೋಗದಿಂದ ಬೆಳೆ ಉಳಿಸಿಕೊಳ್ಳಲು ಆತ ಮತ್ತೆ ಮತ್ತೆ ಸಿಂಪಡಿಸಲೇಬೇಕಾಗುತ್ತದೆ. ಕೊನೆಯ ಸಿಂಪಡಣೆಗೂ ಕೊಯ್ಲಿಗೂ ನಡುವಿನ ಅಂತರ ಕಾಯ್ದವನಿಗೆ ಸ್ಥಳೀಯ ಸಂತೆಯಲ್ಲಿ ಹೆಚ್ಚಿನ ಬೆಲೆ ಸಿಗದಿದ್ದರೆ ಅವನೇಕೆ ಕಾಯಬೇಕು?

ತೋಟದ ಸಂಖ್ಯೆ ಎಪಿಎಂಸಿ ಹರಾಜಿಗೂ ಬರಲಿ, ಪರೀಕ್ಷೆಯ ಖರ್ಚನ್ನು ಸರ್ಕಾರ ಹೊರಲಿ, ಸೋತ ಹಣ್ಣು ಎಲ್ಲಿಗೆ ಹೋಯಿತೆಂಬ ದಾಖಲೆ ಇರಲಿ. ಪರದೇಶದ ಊಟದ ಮೇಜಿಗಾಗಿ ಮಾಡಬಲ್ಲೆವೆಂದು ತೋರಿಸಿರುವ ಕೆಲಸವನ್ನು ನಮ್ಮ ಮನೆಯ ಮಕ್ಕಳಿಗಾಗಿ ಮಾಡಲು ಇನ್ನು ನೆಪ ಉಳಿದಿಲ್ಲ.