ಒಂದೂವರೆ ತಾಸಿನ ಪೌರತ್ವ

ಉದ್ಯೋಗ ಮೇಳದ ಭಾಷಣ ಯಾರದೇ ಇರಲಿ, ‘ಸಾಫ್ಟ್ ಸ್ಕಿಲ್’ ಎಂಬ ಮಾತು ಬರದೆ ಮುಗಿಯುವುದಿಲ್ಲ. ವಿಜಯಪುರದ ಕಡೆಯ ಹುಡುಗರಿಗೆ ಕೈಯೇನೋ ಚುರುಕು, ಮಾತು ಬರುವುದಿಲ್ಲ ಎಂಬ ದೂರು ಹಳೆಯದು. ಅದಕ್ಕೆ ಮದ್ದೆಂದು ಹೊಗಳಿಸಿಕೊಂಡದ್ದು ‘ಎಂಪ್ಲಾಯಬಿಲಿಟಿ ಸ್ಕಿಲ್ಸ್’. ಐಟಿಐಗಳಲ್ಲಿದ್ದ ಸಮಾಜ ಅಧ್ಯಯನವನ್ನು ಬದಿಗೆ ಸರಿಸಿ 2012ರ ಸುಮಾರಿಗೆ ಬಂದ ಈ ವಿಷಯ ಈಗ ಅಲ್ಪಾವಧಿ ಕೌಶಲ ಕೋರ್ಸುಗಳಿಗೂ ಹಬ್ಬಿದೆ. ಅದರ ಹೆಸರು ಅದರ ಯೋಗ್ಯತೆಗಿಂತ ಬಹಳ ದೊಡ್ಡದು.

ಅಲ್ಪಾವಧಿ ಕೋರ್ಸಿನ 60 ತಾಸಿನ ಪಠ್ಯವನ್ನೇ ತೆಗೆದುಕೊಳ್ಳಿ. ಬೇಸಿಕ್ ಇಂಗ್ಲಿಷಿಗೆ 10 ತಾಸು, ಡಿಜಿಟಲ್ ಕೌಶಲಕ್ಕೆ 10, ಉದ್ಯಮಶೀಲತೆಗೆ 7, ಗ್ರಾಹಕ ಸೇವೆಗೆ 5. ಸಂವಿಧಾನದ ಮೌಲ್ಯ ಮತ್ತು ಪೌರತ್ವಕ್ಕೆ ಒಂದೂವರೆ. ನಾಗರಿಕ ಹಕ್ಕು, ಕರ್ತವ್ಯ, ಸಮಾಜದ ಹೊಣೆ, ಪ್ರಾಮಾಣಿಕತೆ, ಪರಿಸರ ಎಲ್ಲವೂ ಆ ಒಂದೂವರೆ ತಾಸಿನೊಳಗೇ. ತಾಸಿನ ಲೆಕ್ಕ ಬಿಡೋಣ. ವಿದ್ಯಾರ್ಥಿಯಿಂದ ಬಯಸುವುದಾದರೂ ಏನು? ಹಕ್ಕುಗಳ ಮಹತ್ವ ತಿಳಿದರೆ ಸಾಕು, ಅವನ್ನು ಒಮ್ಮೆಯಾದರೂ ಚಲಾಯಿಸಿ ನೋಡಬೇಕಿಲ್ಲ. ಗ್ರಾಹಕ ಸೇವೆಯಲ್ಲಿ ಹಾಗಲ್ಲ: ಗಿರಾಕಿಯ ಅಗತ್ಯ ಅರಿಯಬೇಕು, ನಯವಾಗಿ ಉತ್ತರಿಸಬೇಕು, ಉಡುಪು ನೀಟಾಗಿರಬೇಕು. ಪರರ ದೂರು ಆಲಿಸುವುದನ್ನು ಕಲಿತ ವೆಲ್ಡರ್‌ಗೆ ತನ್ನ ದೂರನ್ನು ಯಾರ ಮೇಜಿನ ಮೇಲಿಡಬೇಕೆಂದು ಗೊತ್ತಿರುವುದಿಲ್ಲ. ಅಪ್ರೆಂಟಿಸ್‌ಗೂ ಮಾಲೀಕನಿಗೂ ತಕರಾರು ಬಂದರೆ ಅದನ್ನು ಅಪ್ರೆಂಟಿಸ್‌ಶಿಪ್ ಸಲಹೆಗಾರರ ಮುಂದೆ ಒಯ್ಯಬಹುದೆಂದು 1961ರ ಕಾಯ್ದೆಯೇ ಹೇಳುತ್ತದೆ. ಶೋಷಣೆಯ ವಿರುದ್ಧ ಕಾನೂನು ನೆರವು ಪಡೆಯುವ ಅಂಶ ಪಠ್ಯದಲ್ಲಿ ಇದೆ, ನಿಜ. ಆದರೆ ಅದು ಬ್ಯಾಂಕ್ ಖಾತೆ, ಸಂಬಳದ ಲೆಕ್ಕಗಳ ಜೊತೆ 5 ತಾಸುಗಳನ್ನು ಹಂಚಿಕೊಂಡು ಮೂಲೆ ಹಿಡಿದಿದೆ.

ಈ ಪಠ್ಯವನ್ನು ಟೀಕಿಸುವವರ ಜೊತೆಗೂ ನನಗೆ ಸಹಮತವಿಲ್ಲ. ಇದನ್ನೆಲ್ಲ ಕಿತ್ತುಹಾಕಿ ಲೇಥ್ ಮುಂದೆ ನಿಲ್ಲಿಸಿ ಎನ್ನುವವರಿಗೆ ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಮೇಲ್ದರ್ಜೆಗೇರಿಸಿ 2022ರಲ್ಲಿ ಉದ್ಘಾಟಿಸಿದ 150 ಸರ್ಕಾರಿ ಐಟಿಐಗಳ ರೋಬೋಗಳೇ ಉತ್ತರ: ಲೇಥ್ ಒಂದೇ ಸಾಲದು. ಅವರನ್ನು ಬಿಡಿ. ಇನ್ನೊಂದು ಗುಂಪು ನಮ್ಮದೇ. ಬಸವಣ್ಣ ಹುಟ್ಟಿದ ಜಿಲ್ಲೆ ಇದು, ಕಾಯಕದ ಮೇಲೊಂದು ಉಪನ್ಯಾಸ ಇಟ್ಟರಾಯಿತು ಎನ್ನುವವರು. ಬಾಯಿಮುಚ್ಚಿ ದುಡಿಯುವುದೇ ಕಾಯಕವೆಂದು ಓದುವ ಇವರ ಕಣ್ಣಿಗೆ ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮ ಬೀಳುವುದೇ ಇಲ್ಲ. ಗಂಡ ಹೆಚ್ಚು ಅಕ್ಕಿ ತಂದಾಗ ತರಾಟೆಗೆ ತೆಗೆದುಕೊಂಡು ಮರಳಿಸಲು ಹೇಳಿದವಳು ಅವಳು. ವಿಜಯಪುರದಲ್ಲೇ ಕೂತು ವಚನಗಳ ಓಲೆಗರಿ ಕೂಡಿಹಾಕಿದ ವಕೀಲ ಫ.ಗು. ಹಳಕಟ್ಟಿಯವರು ಉಪನ್ಯಾಸಕ್ಕೆ ನಿಲ್ಲಲಿಲ್ಲ. 1910ರಲ್ಲಿ ಬಿಎಲ್‌ಡಿಇ ಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕ್ ಕಟ್ಟಿದರು. ಸಹಕಾರಿ ಸಂಘದ ಸಭೆಯಲ್ಲಿ ಎದ್ದುನಿಂತು ಲೆಕ್ಕ ಕೇಳುವವನು ಕಲಿಯುವ ಪೌರನೀತಿ ಯಾವ ಸ್ಲೈಡಿನಲ್ಲೂ ಸಿಗದು.

ಇಂಥ ಕಲಿಕೆಗೆ ಜಾಗವೂ ದೂರವಿಲ್ಲ. ತಿಕೋಟಾ, ಬಬಲೇಶ್ವರ ಈಗ ಬೇರೆ ತಾಲ್ಲೂಕುಗಳು. ತಹಶೀಲ್ದಾರ್ ಕಚೇರಿ ಹತ್ತಿರಕ್ಕೇ ಬಂದಿದೆ. ಗ್ರಾಹಕ ಸೇವೆಯಿಂದ ಎರಡು ತಾಸು ಕಸಿದು ಪ್ರತಿ ವಿದ್ಯಾರ್ಥಿಯಿಂದ ಒಂದೊಂದು ನಿಜವಾದ ಅರ್ಜಿ ಬರೆಸಲಿ, ಸರ್ಕಾರಿ ಸೇವೆಗೆ ಗಡುವು ಹಾಕುವ ‘ಸಕಾಲ’ದ ಸ್ವೀಕೃತಿ ಸಂಖ್ಯೆ ಹಿಡಿದು ಅದರ ಬೆನ್ನುಹತ್ತಲಿ, ಹೊತ್ತು ಮೀರಿದರೆ ಮೇಲ್ಮನವಿ ಹಾಕಲಿ, ಅಂಕ ಅದಕ್ಕೇ ಕೊಡಲಿ. ಅರ್ಜಿ ಮಾಹಿತಿ ಹಕ್ಕಿನದಾದರೆ ಶುಲ್ಕ 10 ರೂಪಾಯಿ. ಅದನ್ನು ಸಂಸ್ಥೆಯೇ ಭರಿಸಲಿ.