ಮಕ್ಕಳ ವಿಜ್ಞಾನ ಗ್ರಂಥಗಳು

ಎಳೆಯರ ಕೈಗೆ ವಿಜ್ಞಾನದ ಹೊತ್ತಗೆಯನ್ನು ಕೊಡುವಾಗ ನಾವು ಅದರ ತೂಕವನ್ನು ನೋಡುತ್ತೇವೆ. ಮಗುವಾದರೋ ಅದರಲ್ಲಿ ತನ್ನ ಪ್ರಶ್ನೆಯನ್ನು ಹುಡುಕುತ್ತದೆ. ಉಕ್ಕಡಗಾತ್ರಿಯ ದಡದಲ್ಲಿ ನಿಂತ ಮಗುವೊಂದು, ಮಳೆಗಾಲದಲ್ಲಿ ತುಂಗಭದ್ರೆಯ ನೀರು ಏಕೆ ಕೆಂಪಾಯಿತೆಂದು ಕೇಳಿತೆನ್ನೋಣ. ಮಲೆನಾಡಿನ ಕೆಮ್ಮಣ್ಣು ಕೊಚ್ಚಿಬಂದಿತೆನ್ನುವುದು ಉತ್ತರವೇ ಸರಿ. ಆದರೆ ಒಂದು ಲೋಟ ನೀರನ್ನು ಅಲುಗಿಸದೆ ಇಡಿಸಿ, ಮರುದಿನ ತಳದಲ್ಲಿ ಏನು ಕುಳಿತಿದೆಯೆಂದು ನೋಡಿಸುವ ಪುಸ್ತಕವೇ ಉತ್ತಮವಾದುದು.

ಕೋಟ ಶಿವರಾಮ ಕಾರಂತರು 1936ರಲ್ಲಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಹೊರತಂದು ಕನ್ನಡಕ್ಕೆ ಮಹೋಪಕಾರ ಮಾಡಿದರು. ಆದರೂ ವಿಶ್ವಕೋಶವು ಓದಬಲ್ಲ ಬಾಲಕರಿಗೆ ತಕ್ಕುದು. ಅಕ್ಷರ ಕೂಡಿಸುವ ಶಿಶುವಿಗೆ ಒಂದೇ ವಿಷಯದ, ಚಿತ್ರಗಳುಳ್ಳ ಸಣ್ಣ ಪುಸ್ತಕ ಬೇಕು. ಮೇಲಾಗಿ ಸಂಗತಿಗಳು ಹಳತಾಗುತ್ತವೆ: 1930ರಲ್ಲಿ ಕಂಡ ಪ್ಲೂಟೋವನ್ನು 2006ರಲ್ಲಿ ಗ್ರಹಗಳ ಪಂಕ್ತಿಯಿಂದ ಬಿಟ್ಟರು. ಹಳತಾಗದಿರುವುದು ನೋಡಿ ತಿಳಿಯುವ ಕ್ರಮವೊಂದೇ.

ಆದುದರಿಂದ ತಾಯಿತಂದೆಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟು: ಕೊಳ್ಳುವ ಮೊದಲು ಒಂದು ಪುಟವನ್ನು ಮಗುವಿಗೆ ಓದಿ ಹೇಳಿರಿ. ಅದು ಆಕಳಿಸಿದರೆ ಪುಸ್ತಕವನ್ನು ಅಲ್ಲಿಯೇ ಬಿಡಿರಿ. ಇನ್ನೊಂದು ಪ್ರಶ್ನೆ ಕೇಳಿದರೆ ಕೊಳ್ಳಿರಿ. ಶಬ್ದಗಳ ಭಾರಕ್ಕೆ ಒಮ್ಮೆ ಬಾಯಿ ಮುಚ್ಚಿದ ಮಗುವನ್ನು ಮತ್ತೆ ಕೇಳುವಂತೆ ಮಾಡುವುದು ಬಹಳ ಕಷ್ಟ.