ಗರ್ಭದ ಚಿತ್ರದಲ್ಲೊಂದು ಹಸು

ಲಿಯೊನಾರ್ಡೊ ಡಾ ವಿಂಚಿ 1511ರ ಸುಮಾರಿಗೆ ಬರೆದ ಗರ್ಭಸ್ಥ ಶಿಶುವಿನ ಚಿತ್ರವನ್ನು ಕಲೆ-ವಿಜ್ಞಾನಗಳ ಸಂಗಮವೆಂದು ಹೊಗಳುವುದು ವಾಡಿಕೆ. ನನಗೆ ಆ ಸಂಗಮ ಅಷ್ಟು ಸಲೀಸಾಗಿ ಕಾಣುವುದಿಲ್ಲ. ಮಗು ಮೊಣಕಾಲು ಮಡಚಿ, ತಲೆ ತಗ್ಗಿಸಿ ಕೂತಿದೆ. ಸೀಳಿದ ಗರ್ಭಕೋಶ ಕಾಯಿಯ ಸಿಪ್ಪೆಯಂತೆ ಬಿಚ್ಚಿಕೊಂಡಿದೆ. ಶಾಯಿಯ ಬಾಗುಗೆರೆಗಳು ಮೈಗೆ ಕೊಟ್ಟ ದುಂಡುತನವನ್ನು ಎಷ್ಟು ನೋಡಿದರೂ ಸಾಲದು. ಆದರೆ ಗರ್ಭಕೋಶದ ಒಳಗೋಡೆಗೆ ಗುಂಡಿ ಗುಂಡಿಯಾಗಿ ಅಂಟಿರುವ ಮಾಸು ಹಸುವಿನದು. ಹೆಂಗಸಿನ ಮಾಸು ಒಂದೇ ತಟ್ಟೆಯಂತಿರುತ್ತದೆ. ಗಬ್ಬದ ಹಸುವಿನ ಗರ್ಭಕೋಶವನ್ನು ಕೊಯ್ದು ನೋಡಿದ್ದ ಲಿಯೊನಾರ್ಡೊ, ಅಲ್ಲಿ ಕಂಡದ್ದನ್ನು ಇಲ್ಲಿ ತುಂಬಿದ.

ಬಸುರಿಯ ಹೆಣ ಕೊಯ್ಯಲು ಸಿಗುವುದು ಅಪರೂಪವಾಗಿದ್ದ ಕಾಲ, ತಪ್ಪು ಸಹಜವೇ. ನನ್ನನ್ನು ಕಾಡುವುದು ಗೆರೆಯ ಭರವಸೆ. ಮಗುವಿನ ಮಡಚಿದ ಪಾದವನ್ನು ಬರೆದಷ್ಟೇ ನಿಸ್ಸಂದೇಹವಾಗಿ ಅದು ಎರವಲು ತಂದ ಮಾಸನ್ನೂ ಬರೆಯುತ್ತದೆ. ಕಂಡದ್ದು ಎಲ್ಲಿ ಮುಗಿಯಿತು, ಊಹೆ ಎಲ್ಲಿ ಶುರುವಾಯಿತು ಎಂಬ ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ಚೆಂದವಾಗಿರುವುದರಿಂದಲೇ ನಾವು ನಂಬಿಬಿಡುತ್ತೇವೆ.

1543ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದ ವೆಸೇಲಿಯಸ್‌ನ ಗ್ರಂಥದಲ್ಲಿ, ಚರ್ಮ ಸುಲಿದ ದೇಹವೊಂದು ಹಗ್ಗದಲ್ಲಿ ನೇತಾಡುತ್ತದೆ. ಹೆಣವನ್ನು ಹೇಗೆ ಎತ್ತಿ ನಿಲ್ಲಿಸಿದರೆಂಬುದನ್ನು ಆ ಚಿತ್ರ ಮುಚ್ಚಿಡುವುದಿಲ್ಲ. ಲಿಯೊನಾರ್ಡೊನ ಹಾಳೆಯಲ್ಲಿ ನನಗೆ ಅಂಥ ಹಗ್ಗ ಕಾಣಲಿಲ್ಲ.